ಎಲ್‌ಎಲ್‌ಬಿ ಮುಗಿಸಿದವರು ನ್ಯಾಯಾಧೀಶರಾಗುವುದು ಹೇಗೆ? ವಿಜಯಪುರ, ತಿಕೋಟಾ, ಬಬಲೇಶ್ವರದ ಕುಟುಂಬಗಳಿಗೆ ಮಾಹಿತಿ

ನ್ಯಾಯಮೂರ್ತಿ ಟಿ.ಕೆ. ತುಕೋಳ ಅವರ ಹೆಸರನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಸಲ್ಲೇಖನವು ಆತ್ಮಹತ್ಯೆಯಲ್ಲ ಎಂದು ವಾದಿಸುವ ಅವರ ಇಂಗ್ಲಿಷ್ ಗ್ರಂಥ 1976ರಲ್ಲಿ ಪ್ರಕಟವಾಯಿತು. ಈ ಪ್ರಶ್ನೆ 2015ರಲ್ಲಿ ಮತ್ತೆ ಎದ್ದಿತು. ರಾಜಸ್ಥಾನ ಹೈಕೋರ್ಟ್ ಆಗಸ್ಟ್ 10ರಂದು ಸಂಥಾರಾ ವಿರುದ್ಧ ತೀರ್ಪಿತ್ತಿತು; ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಧರ್ಮವನ್ನೂ ಕಾನೂನನ್ನೂ ಬಲ್ಲವರು ಎಷ್ಟು ಬೇಕೆಂಬುದು ಸಮಾಜಕ್ಕೆ ಆಗ ಅರಿವಾಯಿತು.

ಅಮೆರಿಕದಲ್ಲಿ ಕೇಂದ್ರಕ್ಕೂ ರಾಜ್ಯಗಳಿಗೂ ಬೇರೆ ಬೇರೆ ನ್ಯಾಯಾಲಯಗಳಿವೆ. ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರು ಸೂಚಿಸಿ ಸೆನೆಟ್ ಒಪ್ಪಬೇಕು. ನಮ್ಮಲ್ಲಿ ತಾಲ್ಲೂಕು ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ವ್ಯವಸ್ಥೆ. ಮೊದಲ ಹುದ್ದೆ ಸಿವಿಲ್ ನ್ಯಾಯಾಧೀಶರದು. ಆಯ್ಕೆ ನಡೆಸುವುದು ಕರ್ನಾಟಕ ಹೈಕೋರ್ಟ್: ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಮೌಖಿಕ ಸಂದರ್ಶನ. ಮುಖ್ಯ ಪರೀಕ್ಷೆಯಲ್ಲಿ ಕಾನೂನು ಪತ್ರಿಕೆಗಳ ಜೊತೆ ಅನುವಾದದ ಪತ್ರಿಕೆಯೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರಬೇಕಿಲ್ಲ, ಅವರಿಗೆ ಅದು ಅನುಕೂಲವೇ.

ಈಗ ಮುಖ್ಯವಾದ ಬದಲಾವಣೆ. ಪದವಿ ಮುಗಿದ ಕೂಡಲೇ ಪರೀಕ್ಷೆಗೆ ಕೂರುವ ಅವಕಾಶಕ್ಕೆ ಸುಪ್ರೀಂ ಕೋರ್ಟ್ 2025ರ ಮೇ 20ರ ತೀರ್ಪಿನಲ್ಲಿ ತೆರೆ ಎಳೆದು, ಕನಿಷ್ಠ 3 ವರ್ಷದ ವಕೀಲಿಕೆ ಕಡ್ಡಾಯ ಎಂದಿತು. ವಕೀಲರ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿಯಾದ ದಿನದಿಂದಲೇ ಈ ಅವಧಿ ಲೆಕ್ಕಕ್ಕೆ ಬರುತ್ತದೆ. ನ್ಯಾಯಮೂರ್ತಿಗಳ ಬಳಿ ಕಾನೂನು ಸಹಾಯಕರಾಗಿ ದುಡಿದ ಕಾಲವೂ ಸಲ್ಲುತ್ತದೆ. ಹಾಗಾಗಿ ಫಲಿತಾಂಶ ಬಂದ ವಾರವೇ ನೋಂದಣಿಗೆ ಅರ್ಜಿ ಹಾಕಿ. ಹಾಜರಾದ ಪ್ರಕರಣಗಳ ದಾಖಲೆ ಇಟ್ಟುಕೊಳ್ಳಿ.

ಈ 3 ವರ್ಷ ಮನೆಯವರಿಗೂ ಪರೀಕ್ಷೆಯೇ. ಕಿರಿಯ ವಕೀಲರ ಕೈಗೆ ಬರುವ ಹಣ ಕೆಲವೊಮ್ಮೆ ತಿಕೋಟಾ ಅಥವಾ ಬಬಲೇಶ್ವರದಿಂದ ವಿಜಯಪುರದ ಜಿಲ್ಲಾ ನ್ಯಾಯಾಲಯಕ್ಕೆ ದಿನಾ ಓಡಾಡುವ ಬಸ್ ಖರ್ಚಿಗೂ ಸಾಲದು. ಮಗನಿಗಾದರೆ ಕಾಯುವ ತಂದೆ-ತಾಯಿ, ಮಗಳ ವಿಷಯದಲ್ಲಿ ಇದೇ ಹೊತ್ತಿಗೆ ಸಂಬಂಧ ನೋಡಲು ಶುರುಮಾಡುತ್ತಾರೆ. ಹೆಣ್ಣುಮಕ್ಕಳು ಅರ್ಧಕ್ಕೆ ಕೈಬಿಡುವ ಅಪಾಯ ಇಲ್ಲಿಯೇ ಹೆಚ್ಚು.

ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ 7 ವರ್ಷದ ವಕೀಲಿಕೆ ಬೇಕು. ಸೇವೆಯಲ್ಲಿರುವ ನ್ಯಾಯಾಧೀಶರೂ ವಕೀಲಿಕೆ ಮತ್ತು ಸೇವೆ ಸೇರಿ 7 ವರ್ಷವಾಗಿದ್ದರೆ ಸ್ಪರ್ಧಿಸಬಹುದೆಂದು ಸಂವಿಧಾನ ಪೀಠ 2025ರ ಅಕ್ಟೋಬರ್ 9ರಂದು ಹೇಳಿದೆ. ಹೈಕೋರ್ಟಿಗೆ ಪರೀಕ್ಷೆಯಿಲ್ಲ, 10 ವರ್ಷದ ಅನುಭವ, ಕೊಲಿಜಿಯಂ ಶಿಫಾರಸು, ರಾಷ್ಟ್ರಪತಿಗಳ ನೇಮಕ. ವಿಜಯಪುರ ಜಿಲ್ಲೆ ಕಲಬುರಗಿ ಪೀಠಕ್ಕೆ ಸೇರುತ್ತದೆ. ಅದು 2013ರಿಂದ ಕಾಯಂ ಪೀಠ, ವಕೀಲಿಕೆಗಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ.

ಮೀಸಲಾತಿಯಲ್ಲಿ ಒಂದು ಗೊಂದಲವಿದೆ. 2014ರ ಜನವರಿಯಲ್ಲಿ ದೊರೆತ ಅಲ್ಪಸಂಖ್ಯಾತ ಮಾನ್ಯತೆಯಿಂದ ನ್ಯಾಯಾಂಗ ಹುದ್ದೆಯಲ್ಲಿ ಮೀಸಲಾತಿ ಸಿಗದು, ಅದು ಬೇರೆ. ರಾಜ್ಯದ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿದ್ದಾರೆ. ಆ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಕೊಡಿ, ಅಧಿಸೂಚನೆ ಬರಲೆಂದು ಕಾಯಬೇಡಿ.