ಅಗ್ಗದ ಬೇಸ್ ಗಿಟಾರಿನ ಚರಿತ್ರೆ: ರೂಪ, ನಾದ, ಬೆಲೆ

ವಾದ್ಯಗೋಷ್ಠಿಯನ್ನು ಕೇಳುವಾಗ ನಮ್ಮ ಕಿವಿ ಸಾಮಾನ್ಯವಾಗಿ ಹಾಡಿನ ಕಡೆಗೆ, ಪಿಟೀಲು ಕೊಳಲುಗಳ ಕಡೆಗೆ ಓಡುತ್ತದೆಯೇ ಹೊರತು ತಳದಲ್ಲಿ ನಡೆಯುತ್ತಿರುವ ಮಂದ್ರಸ್ವರದ ಕಡೆಗೆ ಹೋಗುವುದಿಲ್ಲ. ಅದು ನಿಂತುಹೋದಾಗ ಮಾತ್ರ ಏನೋ ಕಳಚಿಬಿದ್ದಂತೆ ಭಾಸವಾಗುತ್ತದೆ. ತಂಬೂರಿಯ ವಿಷಯದಲ್ಲಿ ಈ ಅನುಭವ ನಮಗೆಲ್ಲ ಇದೆ. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ, ಮತ್ತು ಅದರಿಂದ ಎರವಲು ಪಡೆದ ನಮ್ಮ ಚಿತ್ರಸಂಗೀತದಲ್ಲಿ, ತಳವನ್ನು ಹಿಡಿದು ನಿಲ್ಲಿಸುವ ಕೆಲಸ ಬೇಸ್ ಗಿಟಾರಿನದು. ಶಂಕರ್ ನಾಗ್ ನಿರ್ದೇಶನದ 'ಗೀತಾ' (1981) ಚಿತ್ರಕ್ಕೆ ಇಳಯರಾಜ ಸಂಯೋಜಿಸಿದ ಹಾಡುಗಳನ್ನು ಒಮ್ಮೆ ಸಾಹಿತ್ಯವನ್ನು ಮರೆತು, ಕೆಳಗಿನ ಸ್ವರಗಳನ್ನಷ್ಟೇ ಹಿಂಬಾಲಿಸಿ ಕೇಳಿ. ನಾನು ಹೇಳುತ್ತಿರುವುದು ಸ್ಪಷ್ಟವಾಗುತ್ತದೆ. ಈ ವಾದ್ಯಕ್ಕೆ ನಾಲ್ಕು ತಂತಿಗಳು. ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಪುರುಷ ಗಾಯಕರ ತಂಬೂರಿಯ ಮಂದ್ರ ಷಡ್ಜವೂ ಇದಕ್ಕಿಂತ ಮೇಲೆಯೇ ಇರುತ್ತದೆ.

ಸಮಾಜ ವಿಜ್ಞಾನವನ್ನು ಬೋಧಿಸಿದ ಮೇಷ್ಟರಿಗೆ ಈ ವಿಷಯ ಏಕೆ ಬೇಕಾಯಿತೆಂದು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ನನ್ನ ತಂಗಿಯ ಮೊಮ್ಮಗ ಪಿ.ಯು.ಸಿ. ಓದುತ್ತಿದ್ದಾನೆ. ಕಾಲೇಜಿನ ವಾದ್ಯತಂಡದಲ್ಲಿ ಬೇಸ್ ನುಡಿಸುವವರು ಯಾರೂ ಇಲ್ಲದ ಕಾರಣ ಆ ಸ್ಥಾನ ಅವನಿಗೆ ಬಂದಿದೆ. ಮನೆಯ ಪರಿಸ್ಥಿತಿ ನಿಮ್ಮಲ್ಲಿ ಹಲವರಿಗೆ ತಿಳಿದಿರುವುದೇ. ಹತ್ತು ಹದಿನೈದು ಸಾವಿರಕ್ಕಿಂತ ಹೆಚ್ಚು ತೆರುವ ಶಕ್ತಿ ಅವನ ತಂದೆಗಿಲ್ಲ. "ಅಣ್ಣಾ, ಅಗ್ಗದ್ದು ತರಿಸಿದರೆ ದುಡ್ಡು ದಂಡ, ದುಬಾರಿಯದು ತರುವ ಹಾಗಿಲ್ಲ, ಏನು ಮಾಡೋಣ?" ಎಂದು ತಂಗಿ ಕೇಳಿದಳು. ಹುಡುಗನ ಸಂಕಟ ಬೇರೆ. "ತಾತ, ಅಂಥದ್ದನ್ನು ಹಿಡಿದುಕೊಂಡು ವೇದಿಕೆ ಹತ್ತಿದರೆ ನಗುತ್ತಾರೆ. ಅದಕ್ಕಿಂತ ಬೇಡವೇ ಬೇಡ" ಎಂದ. ಆ 'ಬೇಡವೇ ಬೇಡ' ಎಂಬ ಮಾತು ನನ್ನನ್ನು ಕೊರೆಯಿತು. ಬಡತನದ ನಾಚಿಕೆಯಿಂದ ಶಾಲೆಯ ನಾಟಕವನ್ನೂ ಪ್ರವಾಸವನ್ನೂ ಬಿಟ್ಟುಕೊಟ್ಟ ಎಷ್ಟು ಮಕ್ಕಳನ್ನು ನಾನು ನೋಡಿಲ್ಲ! ಹಾಗಾಗಿ ಈ ವಾದ್ಯದ ಚರಿತ್ರೆಯನ್ನು ಕೆಲವು ವಾರ ಕುಳಿತು ಓದಿದೆ. ಓದಿದ ಮೇಲೆ ಅನ್ನಿಸಿದ್ದು ಇಷ್ಟು: ವಾದ್ಯ ಎಷ್ಟು ಅಗ್ಗ ಎಂದು ಕೇಳುವುದಕ್ಕಿಂತ, ಅದನ್ನು ಮಾಡಿದವರು ಖರ್ಚನ್ನು ಎಲ್ಲಿ ಉಳಿಸಿದ್ದಾರೆ ಎಂದು ಕೇಳಬೇಕು.

ಮಂದ್ರಸ್ವರಕ್ಕೆ ಹಿಂದೆ ಇದ್ದದ್ದು ಡಬಲ್ ಬೇಸ್ ಎಂಬ ಆಳೆತ್ತರದ ಪಿಟೀಲು. ಅದನ್ನು ಊರಿಂದೂರಿಗೆ ಸಾಗಿಸುವುದೇ ಒಂದು ಸಾಹಸ. ತುತ್ತೂರಿ, ಡ್ರಮ್ಮುಗಳ ಗದ್ದಲದಲ್ಲಿ ಅದರ ಸ್ವರ ಮುಳುಗಿಹೋಗುತ್ತಿತ್ತು. ವೀಣೆಗಿರುವಂತೆ ಮೆಟ್ಟುಗಳಿಲ್ಲವಾದ್ದರಿಂದ ಬೆರಳು ಸರಿಯಾದ ಸ್ಥಾನದಲ್ಲಿ ಬೀಳಲು ವರ್ಷಗಳ ಸಾಧನೆ ಬೇಕು. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ಪಾಲ್ ಟುಟ್ಮಾರ್ಕ್ ಎಂಬಾತ ಮೆಟ್ಟುಗಳುಳ್ಳ ವಿದ್ಯುತ್ ಬೇಸನ್ನು ತಯಾರಿಸಿದ್ದನಾದರೂ ಅದು ಹರಡಲಿಲ್ಲ. ಹರಡಿದ್ದು 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಪಟ್ಟಣದ ಲಿಯೋ ಫೆಂಡರ್ ಹೊರತಂದ 'ಪ್ರಿಸಿಷನ್ ಬೇಸ್'. ಫೆಂಡರ್ ಮೂಲತಃ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ! ಬಹುಶಃ ಅದರಿಂದಲೇ ಅವನು ವಾದ್ಯವನ್ನು ಪೂಜ್ಯ ವಸ್ತುವಾಗಿ ನೋಡದೆ, ಕೆಟ್ಟರೆ ಬಿಚ್ಚಿ ಸರಿಮಾಡಬೇಕಾದ ಯಂತ್ರವಾಗಿ ನೋಡಿದ. ಒಡಲು ಟೊಳ್ಳಲ್ಲ, ಒಂದು ಗಟ್ಟಿ ಹಲಗೆ. ದಂಡಿಯನ್ನು ಒಡಲಿಗೆ ಅಂಟಿಸದೆ ನಾಲ್ಕು ತಿರುಪುಗಳಿಂದ ಬಿಗಿದ. ದಂಡಿ ಹಾಳಾದರೆ ಬೇರೊಂದನ್ನು ಕೂಡಿಸಬಹುದು. ಕೆತ್ತನೆಯಿಲ್ಲ, ಬಾಗಿಸಿದ ತೆಳು ಹಲಗೆಗಳಿಲ್ಲ. ಕುದುರೆಯಿಂದ ಮೇಲಿನ ತುದಿಯವರೆಗೆ ತಂತಿಯ ಉದ್ದ 34 ಅಂಗುಲ. ಇಂದಿಗೂ ಬಹುತೇಕ ತಯಾರಕರು ಅನುಸರಿಸುವ ಅಳತೆ ಇದೇ. ಮೆಟ್ಟುಗಳಿಂದ ಸ್ವರ ನಿಖರವಾಗಿ ಬರುವುದರಿಂದ 'ಪ್ರಿಸಿಷನ್' ಎಂಬ ಹೆಸರು. ಬೆಲೆ ಸುಮಾರು 200 ಡಾಲರ್. ಆ ಕಾಲಕ್ಕೆ ಅದು ಸಣ್ಣ ಮೊತ್ತವೇನಲ್ಲ. ಆದರೆ ಇಂದಿನ ಅಗ್ಗದ ವಾದ್ಯಗಳೆಲ್ಲವನ್ನೂ ಸಾಧ್ಯವಾಗಿಸಿದ್ದು ಈ ಹಲಗೆ ಮತ್ತು ನಾಲ್ಕು ತಿರುಪುಗಳ ಸರಳತೆಯೇ.

ನಗುವವರು ಆಗಲೂ ಇದ್ದರು. ಲಯನೆಲ್ ಹ್ಯಾಂಪ್ಟನ್ನನ ವಾದ್ಯವೃಂದದಲ್ಲಿ ಈ ಹೊಸ ವಾದ್ಯವನ್ನು ನುಡಿಸಿ ಪ್ರಸಿದ್ಧಿಗೆ ತಂದ ಮಂಕ್ ಮಾಂಟ್ಗೊಮರಿ ಡಬಲ್ ಬೇಸ್ ವಾದಕ. ಮೊದಲಿಗೆ ಇದನ್ನು ಕೈಗೆತ್ತಿಕೊಳ್ಳಲು ಅವನಿಗೇ ಮನಸ್ಸಿರಲಿಲ್ಲ. ಒಟ್ಟಿನಲ್ಲಿ, ಇಂದು ಲಕ್ಷಾಂತರ ರೂಪಾಯಿ ಕೊಟ್ಟು ಕೊಳ್ಳುವ ಇದೇ ವಾದ್ಯ ಹುಟ್ಟಿದಾಗ ಶಿಷ್ಟ ವಾದಕರ ಕಣ್ಣಿಗೆ ಅಸಲಿ ಅಲ್ಲದ ವಸ್ತುವಾಗಿತ್ತು. ಬಣ್ಣದ ಮೋಹವೂ ಹಳೆಯದೇ. ಫೆಂಡರ್ ಕಂಪನಿ ಮೋಟಾರು ಕಾರುಗಳಿಗೆ ಬಳಿಯುವ ಬಣ್ಣಗಳನ್ನೇ ತಂದು ಬಳಿಯುತ್ತಿತ್ತು. ಅಂಥ ವಿಶೇಷ ಬಣ್ಣ ಬೇಕೆಂದವರು ಶೇಕಡಾ 5ರಷ್ಟು ಹೆಚ್ಚು ತೆರಬೇಕಿತ್ತು.

ಅಗ್ಗದ ವಾದ್ಯವನ್ನೇ ಗುರಿಯಾಗಿಟ್ಟುಕೊಂಡು ದುಡಿದವನು ನ್ಯೂಜೆರ್ಸಿಯ ನೇಥನ್ ಡೇನಿಯಲ್. ಅವನ ಕಂಪನಿಯ ಹೆಸರು ಡೇನ್‌ಎಲೆಕ್ಟ್ರೋ. ಸಿಯರ್ಸ್ ಎಂಬ ಬೃಹತ್ ಮಳಿಗೆಯು ಅಂಚೆಯ ಮೂಲಕ ಮಾರುತ್ತಿದ್ದ ಸಿಲ್ವರ್‌ಟೋನ್ ವಾದ್ಯಗಳಲ್ಲಿ ಬಹಳಷ್ಟನ್ನು ತಯಾರಿಸಿಕೊಟ್ಟವನು ಇವನೇ. ಡೇನಿಯಲ್ ಗಟ್ಟಿ ಮರವನ್ನು ಬಿಟ್ಟು, ಮರದ ಚೌಕಟ್ಟಿನ ಮೇಲೂ ಕೆಳಗೂ ಮೇಸನೈಟ್, ಅಂದರೆ ನಮ್ಮಲ್ಲಿ ಹಾರ್ಡ್‌ಬೋರ್ಡ್ ಎನ್ನುವ ಒತ್ತು ಹಲಗೆಯನ್ನು ಕೂಡಿಸಿದ. ತಂತಿಯ ಕಂಪನವನ್ನು ವಿದ್ಯುತ್ತಾಗಿ ಪರಿವರ್ತಿಸುವ ಪಿಕಪ್ಪಿಗೆ ಹೊದಿಕೆ ಬೇಕಾದಾಗ ತುಟಿಬಣ್ಣದ ಲೋಹದ ಕೊಳವೆಗಳನ್ನು ತಂದು ಅದರೊಳಗೆ ಆಯಸ್ಕಾಂತವನ್ನೂ ತಂತಿಸುರುಳಿಯನ್ನೂ ಇಟ್ಟ. ಕೇಳಿದರೆ ನಗು ಬರುತ್ತದೆ. ಆದರೆ ಗಮನಿಸಿ: ಅವನು ಖರ್ಚು ಉಳಿಸಿದ್ದು ಹಲಗೆಯಲ್ಲಿ, ಹೊದಿಕೆಯಲ್ಲಿ. ಸ್ವರ ಕೆಡದಂತೆ ಉಳಿಸಿದ. ಇಂಗ್ಲೆಂಡಿನ 'ದ ಹೂ' ತಂಡದ ಜಾನ್ ಎಂಟ್ವಿಸಲ್ 1965ರ 'ಮೈ ಜನರೇಷನ್' ಹಾಡಿನಲ್ಲಿ ತನಿ ನುಡಿಸಲು ಡೇನ್‌ಎಲೆಕ್ಟ್ರೋ ಬೇಸನ್ನು ಬಯಸಿದ್ದ. ಅದರ ತೆಳ್ಳನೆಯ ತಂತಿ ಧ್ವನಿಮುದ್ರಣದ ನಡುವೆ ಕಡಿದುಹೋಗುತ್ತಿತ್ತು. ಬಿಡಿ ತಂತಿ ಸಿಗದ ಕಾರಣ ಒಂದು ತಂತಿಗಾಗಿ ಇಡೀ ವಾದ್ಯವನ್ನೇ ಮತ್ತೆ ಮತ್ತೆ ಕೊಂಡೆನೆಂದೂ, ಕೊನೆಗೆ ಬೇಸತ್ತು ಫೆಂಡರಿನಲ್ಲೇ ನುಡಿಸಿದೆನೆಂದೂ ಅವನೇ ಹೇಳಿಕೊಂಡಿದ್ದಾನೆ. ಅಗ್ಗದ ಸರಕಿನ ಗುಣ, ದೋಷ ಎರಡೂ ಈ ಒಂದು ಪ್ರಸಂಗದಲ್ಲಿವೆ. ನಾದ ಬೇಕಾದಂಥದ್ದು, ಬಿಡಿಭಾಗ ಸಿಗದಂಥದ್ದು!

ಇನ್ನು ರೂಪದ ವಿಚಾರಕ್ಕೆ ಬರೋಣ. ಇಲ್ಲಿ ನನಗೆ ಅತ್ಯಂತ ಪ್ರಿಯವಾದ ಕಥೆ ಹಾಫ್ನರ್ ಕಂಪನಿಯದು. ಕಾರ್ಲ್ ಹಾಫ್ನರ್ ಅದನ್ನು 1887ರಲ್ಲಿ ಸ್ಥಾಪಿಸಿದ್ದು ಶೋನ್‌ಬಾಖ್ ಎಂಬ ಊರಿನಲ್ಲಿ. ಪಿಟೀಲು ತಯಾರಿಸುವ ಜರ್ಮನ್ ಭಾಷಿಕ ಕುಶಲಕರ್ಮಿಗಳ ಊರು ಅದು. ಈಗ ಜೆಕ್ ಗಣರಾಜ್ಯದಲ್ಲಿದೆ, ಹೆಸರು ಲುಬಿ. ಎರಡನೆಯ ಮಹಾಯುದ್ಧ ಮುಗಿದಾಗ ಜೆಕೊಸ್ಲೊವಾಕಿಯಾದಿಂದ ಜರ್ಮನರನ್ನು ಹೊರಹಾಕಿದ್ದನ್ನು ನೀವು ಹತ್ತನೆಯ ತರಗತಿಯಲ್ಲಿ ನನ್ನಿಂದ ಒಂದೇ ವಾಕ್ಯದಲ್ಲಿ ಕೇಳಿರುತ್ತೀರಿ. ಪಠ್ಯದಲ್ಲಿ ಅಷ್ಟಕ್ಕೇ ಅವಕಾಶವಿದ್ದದ್ದು. ಆ ಒಂದು ವಾಕ್ಯದೊಳಗೆ ಶೋನ್‌ಬಾಖಿನ ಪಿಟೀಲು ಕಸಬುದಾರರೂ ಇದ್ದರು. ಮನೆಮಠಗಳನ್ನು ಬಿಟ್ಟು ಬವೇರಿಯಾಕ್ಕೆ ಬಂದು, ಎರ್ಲಾಂಗನ್ ಬಳಿಯ ಬುಬೆನ್‌ರಾಯ್ತ್ ಎಂಬ ಹಳ್ಳಿಯಲ್ಲಿ ಮತ್ತೆ ಉಳಿ ಹಿಡಿದರು. 1955ರ ಸುಮಾರಿಗೆ ಬೇಸ್ ಗಿಟಾರ್ ಮಾಡುವ ಸಂದರ್ಭ ಬಂದಾಗ ವಾಲ್ಟರ್ ಹಾಫ್ನರ್ ಅದಕ್ಕೆ ಕೊಟ್ಟದ್ದು ಪಿಟೀಲಿನ ಆಕಾರ. ಅಮೆರಿಕದ ಗಿಬ್ಸನ್ ಕಂಪನಿ 1953ರಲ್ಲಿಯೇ ಪಿಟೀಲಿನಾಕೃತಿಯ ಬೇಸನ್ನು ತಂದಿತ್ತು, ನಿಜ. ಆದರೆ ಅದು ಗಟ್ಟಿ ಮರದ್ದು. ಹಾಫ್ನರ್ 500/1 ಒಳಗೆ ಟೊಳ್ಳು, ತೂಕದಲ್ಲಿ ಹಗುರ, ತಂತಿಯ ಉದ್ದ ಸುಮಾರು 30 ಅಂಗುಲವಷ್ಟೇ. ಸ್ವರ ದುಂಡಗೆ, ಮೃದುವಾಗಿ ಹುಟ್ಟಿ ಬೇಗನೆ ಅಡಗುತ್ತದೆ.

1961ರಲ್ಲಿ ಹ್ಯಾಂಬರ್ಗಿನ ಅಂಗಡಿಯೊಂದರಲ್ಲಿ ಪಾಲ್ ಮೆಕಾರ್ಟ್ನಿ ಈ ವಾದ್ಯವನ್ನು ಸುಮಾರು 30 ಪೌಂಡಿಗೆ ಕೊಂಡ. ಫೆಂಡರಿಗೆ ನೂರರ ಆಸುಪಾಸು. ಅಷ್ಟು ಕೊಡುವ ಶಕ್ತಿ ಅವನಿಗಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಅವನು ಎಡಗೈ ವಾದಕ. ಪಿಟೀಲಿನಾಕೃತಿಯ ಎರಡೂ ಪಕ್ಕಗಳು ಸಮನಾಗಿರುವುದರಿಂದ ಎಡಕ್ಕೆ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುವುದಿಲ್ಲ. ರೂಪದ ಚಿಂತೆ ಅವನಿಗೂ ಇತ್ತೆಂಬುದು ನಮ್ಮ ಹುಡುಗನಿಗೆ ಸಮಾಧಾನ ತರಬೇಕು. ಬೀಟಲ್ಸ್ ತಂಡದ ಮೊದಲ ಧ್ವನಿಮುದ್ರಿಕೆಗಳಲ್ಲಿ ನಾವು ಕೇಳುವುದು ಆ 30 ಪೌಂಡಿನ ವಾದ್ಯವನ್ನೇ. 1972ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಅದು ಕಳುವಾಯಿತು. ಅರ್ಧ ಶತಮಾನದ ಬಳಿಕ, ಸಾರ್ವಜನಿಕವಾಗಿ ಹುಡುಕಾಟ ನಡೆದ ಮೇಲೆ, ಮನೆಯೊಂದರ ಅಟ್ಟದಲ್ಲಿ ಸಿಕ್ಕಿ ಒಡೆಯನ ಕೈ ಸೇರಿದ ಸುದ್ದಿ 2024ರ ಫೆಬ್ರುವರಿಯಲ್ಲಿ ಪ್ರಕಟವಾಯಿತು.

ನಾದದ ಬಗ್ಗೆ ಹೇಳುವುದಾದರೆ ಜೇಮ್ಸ್ ಜೇಮರ್ಸನ್ ಹೆಸರನ್ನು ಬಿಡುವಂತಿಲ್ಲ. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ 1960ರ ದಶಕದ ಅಸಂಖ್ಯ ಜನಪ್ರಿಯ ಗೀತೆಗಳ ತಳದಲ್ಲಿರುವುದು ಇವನ ಬೆರಳು. ಬೆರಳು ಎಂದು ಏಕವಚನದಲ್ಲಿ ಬರೆದದ್ದು ಬೇಕೆಂದೇ. ಅವನು ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದ. ಹೈಸ್ಕೂಲಿನಲ್ಲಿ ಡಬಲ್ ಬೇಸ್ ಕಲಿತ ಹುಡುಗ ಅವನು. ಅವನ 1962ರ ಪ್ರಿಸಿಷನ್ ಬೇಸಿಗೆ ದಪ್ಪನೆಯ, ನುಣುಪಾದ ಸುತ್ತಿನ ತಂತಿಗಳು; ಕಡಿದುಹೋಗದ ಹೊರತು ಬದಲಿಸುತ್ತಿರಲಿಲ್ಲ. ಕುದುರೆಯ ಬಳಿ ಕಂಪನವನ್ನು ತಗ್ಗಿಸಲು ಒಂದು ತುಂಡು ಫೋಮ್. ವರ್ಷಾನುಗಟ್ಟಲೆ ಬೆವರು, ಧೂಳು ಕುಡಿದ ತಂತಿ ಮತ್ತು ಒಂದು ತುಂಡು ಫೋಮಿಗೆ ಬೆಲೆ ಕಟ್ಟುವುದು ಹೇಗೆ? ಆದರೂ ಜನ ಇಂದಿಗೂ ಆ ಧ್ವನಿಯನ್ನು ದುಡ್ಡು ಸುರಿದು ಅರಸುತ್ತಾರೆ. ಬಹುಕಾಲ ಧ್ವನಿಮುದ್ರಿಕೆಗಳ ಮೇಲೆ ಅವನ ಹೆಸರನ್ನೇ ಅಚ್ಚಿಸುತ್ತಿರಲಿಲ್ಲ. ಆ ವಾದ್ಯವೂ 1983ರಲ್ಲಿ, ಅವನು ಸಾಯುವುದಕ್ಕೆ ಸ್ವಲ್ಪ ಮುಂಚೆ, ಕಳುವಾಯಿತು. ಅದು ಮಾತ್ರ ಮರಳಿ ಸಿಕ್ಕಿಲ್ಲ.

ಈಗ ನಮ್ಮ ಅಂಗಡಿಗಳಲ್ಲಿ ಕಾಣುವ ಅಗ್ಗದ ವಾದ್ಯಗಳ ವಂಶವೃಕ್ಷವನ್ನು ಹುಡುಕಿದರೆ ಬೇರು ಜಪಾನಿಗೆ ಹೋಗುತ್ತದೆ. 1965ರಲ್ಲಿ ಫೆಂಡರ್ ತನ್ನ ಕಂಪನಿಯನ್ನು ಸಿ.ಬಿ.ಎಸ್. ಸಂಸ್ಥೆಗೆ ಮಾರಿದ. 1970ರ ದಶಕದಲ್ಲಿ ಅಮೆರಿಕನ್ ವಾದ್ಯಗಳ ಗುಣಮಟ್ಟ ಕುಸಿಯಿತೆಂಬ ದೂರು ವ್ಯಾಪಕವಾಗಿರುವಾಗಲೇ ಜಪಾನಿನ ಕಾರ್ಖಾನೆಗಳು ಹಳೆಯ ಮಾದರಿಗಳನ್ನು ಬಿಚ್ಚಿ, ಅಳೆದು, ಕಡಿಮೆ ಬೆಲೆಗೆ ನಕಲು ಮಾಡತೊಡಗಿದವು. ಐಬನೆಜ್ ವಾದ್ಯಗಳ ಮೇಲೆ ಗಿಬ್ಸನ್ನಿನ ಒಡೆಯರು 1977ರಲ್ಲಿ ದಾವೆ ಹೂಡಿದರು. ಫೆಂಡರ್ ಮಾಡಿದ್ದು ಬೇರೆ. 1982ರಲ್ಲಿ ಜಪಾನಿನವರೊಡನೆ ಪಾಲುದಾರಿಕೆ ಮಾಡಿಕೊಂಡು, ನಕಲು ಮಾಡಬಲ್ಲವರಿಂದಲೇ ಅಸಲಿಯನ್ನು ಮಾಡಿಸಿತು. ಮತ್ಸುಮೊಟೊದ ಫುಜಿಗೆನ್ ಕಾರ್ಖಾನೆಯಲ್ಲಿ ತಯಾರಾದ ಆ ಅಗ್ಗದ ವಾದ್ಯಗಳಿಗೆ ಸ್ಕ್ವಾಯರ್ ಎಂಬ ಹೆಸರಿಟ್ಟಿತು. ಅದು ಫೆಂಡರ್ ಹಿಂದೆ ಕೊಂಡಿದ್ದ ಒಂದು ತಂತಿ ಕಂಪನಿಯ ಹೆಸರು. ಮೊದಲ ವರ್ಷಗಳ ಆ ಜಪಾನೀ ವಾದ್ಯಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಜಪಾನಿನಲ್ಲಿ ಕೂಲಿ ಏರಿದಂತೆ ಅಗ್ಗದ ತಯಾರಿಕೆ ಕೊರಿಯಾಕ್ಕೆ, ಅಲ್ಲಿಂದ ಚೀನಾ, ಇಂಡೊನೇಷ್ಯಾಗಳಿಗೆ ಸರಿಯಿತು. ಬಟ್ಟೆಯ ಗಿರಣಿಗಳು ನಡೆದ ದಾರಿಯೇ ಇದು.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಹುಡುಗನೊಡನೆ ಬೆಂಗಳೂರಿನ ಒಂದು ಅಂಗಡಿಗೆ ಹೋಗಿದ್ದೆ. ಅವನ ಕಣ್ಣು ಹೋದದ್ದು ಕೆಂಪಗೆ ಥಳಥಳಿಸುವ ಒಂದರ ಮೇಲೆ. ಕೈಯಾಡಿಸಿದರೆ ಮೆಟ್ಟುಗಳ ತುದಿ ಗರಗಸದ ಹಲ್ಲಿನಂತೆ ಚುಚ್ಚುತ್ತಿತ್ತು, ತಂತಿ ದಂಡಿಯಿಂದ ಬೆರಳಗಲ ಮೇಲಿತ್ತು, ಬಿರಡೆ ಸಡಿಲ. ಬಣ್ಣಕ್ಕೆ ಖರ್ಚು ಮಾಡಿ ಕೈಗೆ ತಗಲುವ ಜಾಗದಲ್ಲಿ ಉಳಿಸಿದ್ದರು. ಪಕ್ಕದಲ್ಲಿ ಮಂಕು ಕಂದು ಬಣ್ಣದ್ದೊಂದಿತ್ತು, ಬೆಲೆಯಲ್ಲಿ ಒಂದು ಸಾವಿರ ಕಡಿಮೆಯೇ. ಮರ ಯಾವುದೆಂದು ಅಂಗಡಿಯವರಿಗೂ ತಿಳಿಯದು. ಆದರೆ ಒಂದು ಕಣ್ಣು ಮುಚ್ಚಿ ನೋಡಿದರೆ ದಂಡಿ ನೆಟ್ಟಗಿತ್ತು. ಅದರೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ಬಾಗನ್ನು ತಿದ್ದಲು ಬರುತ್ತಿತ್ತು. ಬಿಡಿ ತಂತಿಯ ಸ್ವರಕ್ಕೂ ಹನ್ನೆರಡನೆಯ ಮೆಟ್ಟಿನಲ್ಲಿ ಬರುವ ಮೇಲಿನ ಸ್ಥಾಯಿಯ ಸ್ವರಕ್ಕೂ ಮೇಳ ಸರಿಯಾಗಿತ್ತು. ಕೊರಳಿಗೆ ಪಟ್ಟಿ ಹಾಕಿ ಕೈಬಿಟ್ಟರೆ ದಂಡಿ ನೆಲದ ಕಡೆಗೆ ಜಗ್ಗಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ನಾದವನ್ನು ತೀರ್ಮಾನಿಸುವುದು ವ್ಯರ್ಥ. 41 ಕಂಪನಗಳ ಸ್ವರವನ್ನು ಅಷ್ಟು ಪುಟ್ಟ ಸ್ಪೀಕರು ಹೊರಡಿಸಲಾರದು. ಅರ್ಧ ಗಂಟೆ ನುಡಿಸಿದ ಮೇಲೆ ಹುಡುಗ ಕೆಂಪಿನ ಕಡೆ ನೋಡಲಿಲ್ಲ. ಕಂದು ವಾದ್ಯವನ್ನೇ ತಂದೆವು.

ಕೊಳ್ಳಲಿರುವ ಬಂಧುಗಳಿಗೆ ಒಂದು ಸೂಚನೆ ಬಾಕಿಯಿದೆ. ಇದ್ದ ಹಣವನ್ನೆಲ್ಲ ವಾದ್ಯಕ್ಕೇ ಸುರಿಯಬೇಡಿ. ಗಟ್ಟಿ ಹಲಗೆಯ ವಾದ್ಯಕ್ಕೆ ಸ್ವಂತ ಧ್ವನಿ ಎಂಬುದು ಹೆಚ್ಚೇನೂ ಇಲ್ಲ. ಆಂಪ್ಲಿಫೈಯರ್ ಬೇಕೇ ಬೇಕು, ಅದೂ ಬೇಸಿಗೆಂದೇ ಮಾಡಿದ್ದು. ಸಾಧಾರಣ ಗಿಟಾರಿನ ಚಿಕ್ಕ ಆಂಪ್ಲಿಫೈಯರಿಗೆ ಜೋಡಿಸಿ ಜೋರಾಗಿ ನುಡಿಸಿದರೆ ಸ್ಪೀಕರ್ ಹರಿದೀತು. ಫೆಂಡರಿಗೆ ಇದು ಮೊದಲೇ ಹೊಳೆದಿತ್ತು. 1952ರಲ್ಲಿಯೇ 'ಬೇಸ್‌ಮನ್' ಎಂಬ ಆಂಪ್ಲಿಫೈಯರನ್ನು ತಂದ. ವಿಚಿತ್ರವೆಂದರೆ ಅದನ್ನು ಹೆಚ್ಚು ಮೆಚ್ಚಿದವರು ಬೇಸ್ ವಾದಕರಲ್ಲ, ಗಿಟಾರ್ ವಾದಕರು. ಹತ್ತು ವರ್ಷದ ನಂತರ ಲಂಡನ್ನಿನ ಜಿಮ್ ಮಾರ್ಷಲ್ ತನ್ನ ಮೊದಲ ಆಂಪ್ಲಿಫೈಯರನ್ನು ತಯಾರಿಸಿದ್ದು ಆ ಬೇಸ್‌ಮನ್ನಿನ ವಿದ್ಯುನ್ಮಂಡಲವನ್ನೇ ಅನುಸರಿಸಿ. ನಾವು ಬಜೆಟ್ಟಿನಲ್ಲಿ ಮೂರನೆಯ ಒಂದು ಭಾಗವನ್ನು ಇದಕ್ಕೆಂದೇ ಎತ್ತಿಟ್ಟಿದ್ದೆವು. ಯಾರೋ ಬಳಸಿದ ಚಿಕ್ಕದೊಂದು ಬೇಸ್ ಆಂಪ್ಲಿಫೈಯರ್ ಅಷ್ಟರಲ್ಲೇ ಸಿಕ್ಕಿತು.