ಕಿಯಾಂತಿ ಎಂಬ ಹೆಸರಿನ ಎಲ್ಲೆ

ಇಟಲಿ ದೇಶದ ದ್ರಾಕ್ಷಾಮದ್ಯಗಳಲ್ಲಿ ಹಲವು ತಾವು ಹುಟ್ಟಿದ ನೆಲದ ಹೆಸರನ್ನೇ ಹೊತ್ತಿವೆ. ಬರೋಲೊ ಎಂಬುದು ಪಿಯೆಮೊಂತೆ ಪ್ರಾಂತದ ಒಂದು ಗ್ರಾಮ. ಕಿಯಾಂತಿ ಎಂಬುದು ಟಸ್ಕನಿಯಲ್ಲಿ ಫ್ಲಾರೆನ್ಸ್, ಸಿಯೆನಾ ನಗರಗಳ ನಡುವಣ ಗುಡ್ಡನಾಡು. ಕಿಯಾಂತಿಯ ಕೆಂಪು ಮದ್ಯದ ಒಗರೂ ಹುಳಿಯೂ ಕೆಂಡದ ಮೇಲೆ ಸುಟ್ಟ ಗೋಮಾಂಸದ ಜಿಡ್ಡನ್ನು ಕಳೆಯುವುದರಿಂದ ಅಲ್ಲಿಯವರ ಊಟದಲ್ಲಿ ಇವೆರಡೂ ಜೊತೆಗೂಡಿದುವು.

ಕೀರ್ತಿ ಹಬ್ಬಿದಂತೆ ಹೆಸರಿಗೆ ಬೆಲೆ ಬಂದಿತು. ಬೆಲೆಯೊಡನೆ ಕಪಟವೂ ಬಂದಿತು. ಆದುದರಿಂದ 1716ರಲ್ಲಿ ಟಸ್ಕನಿಯ ಅಧಿಪತಿಯಾದ ಮೂರನೆಯ ಕೊಸಿಮೊ ಶಾಸನವನ್ನು ಹೊರಡಿಸಿ, ಕಿಯಾಂತಿ ಮೊದಲಾದ ನಾಲ್ಕು ಸೀಮೆಗಳ ಎಲ್ಲೆಗಳನ್ನು ಗೊತ್ತುಮಾಡಿದನು. 1932ರಲ್ಲಿ ಸರ್ಕಾರವೇ ಆ ಹೆಸರನ್ನು ಸುತ್ತಣ ಸೀಮೆಗಳಿಗೂ ವಿಸ್ತರಿಸಲು, ಮೂಲನಾಡಿನ ಮದ್ಯವು ‘ಕ್ಲಾಸಿಕೊ’ ಎಂಬ ವಿಶೇಷಣವನ್ನು ಧರಿಸಬೇಕಾಯಿತು. 1996ರಲ್ಲಿ ಅದಕ್ಕೆ ಪ್ರತ್ಯೇಕ ನಿಯಮಾವಳಿ ದೊರೆಯಿತು. ಕೊಸಿಮೊ ಎಳೆದ ಗೆರೆಯನ್ನು ಕಾಯುವ ಕೆಲಸವು 280 ವರ್ಷಗಳ ಮೇಲೂ ಮುಗಿದಿರಲಿಲ್ಲ.