ಕಡಲ ಪಾಲಾದ ದಾರಿಯ ಯಂತ್ರಗಳು

ಯುದ್ಧವು ಊರುಗಳನ್ನು ಕೆಡವುವುದೆಂಬುದು ಎಲ್ಲರೂ ಬಲ್ಲ ವಿಷಯವೇ. ಕೆಲವೆಡೆಗಳಲ್ಲಿ ಅದು ದಾರಿಗಳನ್ನು ಕಟ್ಟುವುದೂ ಉಂಟು. ಆದರೆ ಯುದ್ಧವು ಮುಗಿದ ತರುವಾಯ ಆ ದಾರಿಗಳನ್ನು ಕಟ್ಟಿದ ಯಂತ್ರಗಳು ಯಾರ ಕೈಸೇರಬೇಕೆಂಬ ಪ್ರಶ್ನೆಯು ಏಳುತ್ತದೆ. ಶಾಂತಸಾಗರದ ದ್ವೀಪವೊಂದರಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರವು ವಿಷಾದಕರವಾದುದು.

ಆಸ್ಟ್ರೇಲಿಯಾಕ್ಕೆ ಈಶಾನ್ಯದಲ್ಲಿರುವ ನ್ಯೂ ಹೆಬ್ರಿಡೀಸ್ ದ್ವೀಪಸ್ತೋಮವು 1906ರಿಂದ ಆಂಗ್ಲರ ಮತ್ತು ಫ್ರೆಂಚರ ಜಂಟಿ ಆಳ್ವಿಕೆಗೆ ಒಳಪಟ್ಟಿದ್ದಿತು. ಒಂದೇ ನೆಲಕ್ಕೆ ಇಬ್ಬರು ಕಮಿಷನರುಗಳು, ಎರಡು ಬಗೆಯ ಪೊಲೀಸರು, ಎರಡು ಬಗೆಯ ಕಾನೂನು. 1942ರಲ್ಲಿ ಅಮೆರಿಕನ್ನರು ಇಲ್ಲಿನ ಎಸ್ಪಿರಿಟು ಸಾಂಟೊ ದ್ವೀಪದಲ್ಲಿ ಬೀಡುಬಿಟ್ಟರು. ‘ಸೀಬೀ’ಗಳೆಂದು ಹೆಸರಾದ ಅವರ ನೌಕಾಸೇನೆಯ ನಿರ್ಮಾಣ ದಳದವರು ತೆಂಗಿನ ತೋಪುಗಳನ್ನು ಸವರಿ, ಹವಳದ ಕಲ್ಲನ್ನು ಪುಡಿಮಾಡಿ ಹರಡಿ, ರಸ್ತೆಗಳನ್ನೂ ವಿಮಾನನೆಲೆಗಳನ್ನೂ ನಿರ್ಮಿಸಿದರು. ಬುಲ್‌ಡೋಜರುಗಳೂ ಲಾರಿಗಳೂ ಕ್ರೇನುಗಳೂ ಹಡಗುಗಳಲ್ಲಿ ಬಂದಿಳಿದುವು.

1945ರಲ್ಲಿ ಜಪಾನು ಶರಣಾಗತವಾಯಿತು. ಯಂತ್ರಗಳನ್ನು ಸ್ವದೇಶಕ್ಕೆ ಸಾಗಿಸಲು ವೆಚ್ಚವು ಬಹಳ. ಸಾಗಿಸಿದರೂ ಅಲ್ಲಿನ ಕಾರ್ಖಾನೆಗಳ ಹೊಸ ಯಂತ್ರಗಳ ಮಾರಾಟಕ್ಕೆ ಕುಂದು. ಆದುದರಿಂದ ಅವುಗಳನ್ನು ಅತ್ಯಲ್ಪ ಬೆಲೆಗೆ ಸ್ಥಳೀಯ ಆಡಳಿತಕ್ಕೆ ಮಾರಲು ಅಮೆರಿಕನ್ನರು ಮುಂದೆ ಬಂದರು. ಆಡಳಿತದವರು ಕೊಳ್ಳಲಿಲ್ಲ. ಹೇಗಿದ್ದರೂ ಇವರು ಬಿಟ್ಟುಹೋಗುವರು, ಹಣ ತೆರುವುದೇಕೆ ಎಂಬುದೇ ಅವರ ಲೆಕ್ಕಾಚಾರವಾಗಿದ್ದಿತೆಂದು ಪ್ರತೀತಿ. ಲೆಕ್ಕವು ತಪ್ಪಿತು. ಸೀಬೀಗಳು ಲುಗನ್‌ವಿಲ್ ಪಟ್ಟಣದ ಬಳಿ ಕಡಲಿಗೆ ಇಳಿಜಾರೊಂದನ್ನು ಕಟ್ಟಿ, ಯಂತ್ರಗಳನ್ನು ಒಂದರ ಹಿಂದೊಂದರಂತೆ ನೀರಿಗೆ ನೂಕಿದರು. ದಾರಿ ಕಟ್ಟಿದ ಯಂತ್ರಗಳಿಗೆ ಕಟ್ಟಿದ ಕಡೆಯ ದಾರಿಯು ಅದು. ಆ ಸ್ಥಳಕ್ಕೆ ‘ಮಿಲಿಯನ್ ಡಾಲರ್ ಪಾಯಿಂಟ್’ ಎಂಬ ಹೆಸರು ನಿಂತಿತು.

ಇದೇ ಅಮೆರಿಕವು ಮೊದಲನೆಯ ಮಹಾಯುದ್ಧದ ತರುವಾಯ ಬೇರೊಂದು ನೀತಿಯನ್ನು ಅನುಸರಿಸಿದ್ದಿತು. 1919ರ ಫೆಬ್ರವರಿ 28ರ ಶಾಸನದ ಮೇರೆಗೆ ಸೇನೆಗೆ ಬೇಡವಾದ ಲಾರಿಗಳನ್ನೂ ರಸ್ತೆಯ ಸಾಮಗ್ರಿಯನ್ನೂ ತನ್ನ ಸಂಸ್ಥಾನಗಳ ಹೆದ್ದಾರಿ ಇಲಾಖೆಗಳಿಗೆ ಹಂಚಿತು. ಕೇಂದ್ರದ ನೆರವಿನಿಂದ ಕಟ್ಟುವ ರಸ್ತೆಗಳಿಗೆ ಅವು ಬಳಕೆಯಾಗಬೇಕೆಂಬುದು ನಿಬಂಧನೆ; ಯಂತ್ರಗಳಿಗೆ ಬೆಲೆಯಿಲ್ಲ, ಸಾಗಣೆಯ ವೆಚ್ಚ ಮಾತ್ರ ಪಡೆದವರದು. ತೆರಿಗೆಯ ಹಣದಿಂದ ಒಮ್ಮೆ ಕೊಂಡ ವಸ್ತುವಿಗೆ ಪ್ರಜೆಗಳು ಮರಳಿ ಬೆಲೆ ತೆರಬೇಕಾಗಲಿಲ್ಲ. ಸಾಂಟೊ ದ್ವೀಪವಾದರೋ ಪರರ ನೆಲ. ಅಲ್ಲಿ ಮಾರುವವನು ಬೆಲೆಯನ್ನು ನೋಡಿದನು, ಕೊಳ್ಳುವವನೂ ಬೆಲೆಯನ್ನೇ ನೋಡಿದನು, ದಾರಿಯನ್ನು ನೋಡಿದವರಿಲ್ಲ.

ಆ ದಾರಿಗಳಲ್ಲಿ ನಿತ್ಯ ನಡೆಯಬೇಕಾದ ದ್ವೀಪವಾಸಿಗಳಿಗೆ ಈ ವ್ಯಾಪಾರದಲ್ಲಿ ಮಾತೇ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಯಿತು. 1980ರಲ್ಲಿ ಆ ದ್ವೀಪಗಳು ಸ್ವತಂತ್ರವಾಗಿ ವನುವಾಟು ಎಂಬ ಹೆಸರನ್ನು ತಳೆದುವು. ಈಗ ದೇಶಾಂತರದ ಪ್ರವಾಸಿಗಳು ಅಲ್ಲಿ ಮುಳುಗಿ, ಹವಳ ಬೆಳೆದ ಚಕ್ರಗಳನ್ನು ಕಂಡು ಬರುತ್ತಾರೆ. ಅವರಿಗೆ ಅದು ವಿನೋದ. ದ್ವೀಪದವರಿಗೆ ಅದು ನೀರಿನ ಅಡಿಯಲ್ಲಿರುವ ದಾರಿ.